ಹೀರುವುದೋ, ಕರಗಿಸುವುದೋ

ನನ್ನ ಕ್ಲೋಸ್ ಕಾಲರ್ ಕೋಟಿನ ಮಧ್ಯದ ಗುಂಡಿಯು ದಾರ ಹರಿದುಕೊಂಡು ಹಾರಿ, ಎದುರು ಗೋಡೆಯ ಮೇಲಿದ್ದ ತಂದೆಯವರ ಭಾವಚಿತ್ರಕ್ಕೆ ಬಡಿದು, ಅದರ ಗಾಜು ಹಣೆಯ ನೇರಕ್ಕೆ ಬಿರುಕು ಬಿಟ್ಟಿತು. ನಾನು ಕೈಗಳನ್ನು ಎದೆಯ ಬಳಿ ಹಿಡಿದವನು ಹಿಡಿದ ಹಾಗೆಯೇ ನಿಂತುಬಿಟ್ಟೆ. ಮೂವತ್ತನಾಲ್ಕು ವರ್ಷ ಇದೇ ಕೋಟನ್ನು ತೊಟ್ಟು ಇದೇ ಊರಿನ ಮಕ್ಕಳಿಗೆ ಪ್ರಬಂಧ ರಚನೆಯನ್ನು ಕಲಿಸಿದವನು ನಾನು. ನಮ್ಮ ಶಾಲೆಯ ನೂರನೆಯ ವರ್ಷದ ಉತ್ಸವಕ್ಕೆ ಎರಡೇ ತಿಂಗಳು ಉಳಿದಿತ್ತು. ಅಲ್ಲಿ ನನ್ನನ್ನು ‘ಮಾತಿಗೆ ತಪ್ಪದ ಮಾಸ್ತರರು’ ಎಂದು ಕರೆದು ಶಾಲು ಹೊದಿಸುವುದಾಗಿ ಸಮಿತಿಯವರು ಬಂದು ಹೇಳಿ ಹೋಗಿದ್ದರು. ಆ ವೇದಿಕೆಯನ್ನು ಬೇರೆ ಉಡುಪಿನಲ್ಲಿ ಏರುವುದು ನನ್ನ ಮಟ್ಟಿಗೆ ಅಶುದ್ಧ ವಾಕ್ಯದಂತೆ.

ಕೋಟನ್ನು ಎತ್ತಿಕೊಂಡು ನಮ್ಮ ಓಣಿಯ ಫಕೀರಪ್ಪ ಟೇಲರನ ಅಂಗಡಿಗೆ ಹೋದೆ. ಅವನು ಅಂಚನ್ನು ತಿರುವಿ ನೋಡಿ ನಕ್ಕ.

“ಒಳಗ ಬಿಟ್ಟಿದ್ದ ಎರಡ ಇಂಚು ಅರಿವೀನ ಹೋದ ಸಲಾನ ಬಿಚ್ಚೇನ್ರಿ ಮಾಸ್ತರ. ಇನ್ನ ಬಿಚ್ಚೂದಾದ್ರ ನಿಮ್ಮನ್ನ ಬಿಚ್ಚಬೇಕು.”

ಅವನ ಹಾಸ್ಯವೇ ನನಗೆ ದಾರಿಯಾಯಿತು. ನಡಿಗೆಯನ್ನು ನಾನು ಮಾಡಿ ನೋಡಿದ್ದೆ, ಅನ್ನವನ್ನು ಬಿಟ್ಟು ನೋಡಿದ್ದೆ. ಕೆನ್ನೆ ಇಳಿಯಿತು, ತೋಳು ಇಳಿಯಿತು, ಸೊಂಟದ ಸುತ್ತಲಿನದು ಮಾತ್ರ ಹಟ ಹಿಡಿದು ಕುಳಿತಿತ್ತು. ಅದನ್ನು ತೆಗೆಸುವುದೆಂದು ನಿಶ್ಚಯಿಸಿದೆ.

ನಮ್ಮ ಊರಿನಲ್ಲಿ ದೇಹದಿಂದ ತೆಗೆಸಿದ ಕೊಬ್ಬನ್ನು ಚೆಲ್ಲುವಂತಿಲ್ಲ. ಆಸ್ಪತ್ರೆಯವರು ಅದನ್ನು ಗಾಜಿನ ಭರಣಿಗೆ ತುಂಬಿ, ಬಾಯಿಗೆ ಬಿಳಿಯ ಬಟ್ಟೆ ಕಟ್ಟಿ, ಯಾರದೋ ಅವರ ಕೈಗೇ ಕೊಡುತ್ತಾರೆ. ಮೂರನೆಯ ದಿನದ ಇಳಿಹೊತ್ತಿನಲ್ಲಿ ಅದನ್ನು ಸ್ವಂತ ಮನೆಯ ಹೊಸ್ತಿಲ ಮೇಲೆ ದೀಪಕ್ಕೆ ಎರೆದು ಉರಿಸಬೇಕು, ಓಣಿಯವರು ಬಂದು ಸುತ್ತ ಕೂಡಬೇಕು. ದೀಪವು ಉರಿದಂತೆ ಆ ಕೊಬ್ಬನ್ನು ಕಟ್ಟಿದ ಊಟಗಳ ವಾಸನೆಯು ಒಂದರ ಹಿಂದೊಂದು ಏಳುತ್ತದೆ. ಮೊನ್ನೆಯದು ಮೊದಲು, ಹಳೆಯದು ಆಮೇಲೆ. ಊಟದ ಜೊತೆಗೆ ಅದು ಬೆಂದ ಅಡುಗೆಮನೆಯೂ ಬರುತ್ತದೆ. ಹತ್ತು ವರ್ಷದ ಊಟ ಒಂದು ತಾಸಿನಲ್ಲಿ ಮುಗಿಯುತ್ತದೆ. ದೀಪ ಆರಿದ ಮೇಲೆ ಮನೆಯ ಯಜಮಾನನು ಎದ್ದು ನಿಂತು ತನಗೆ ಉಣಿಸಿದವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಒಂದು ಹೆಸರನ್ನು ನುಂಗಿದರೂ ಆ ಹೊಸ್ತಿಲಿಗೆ ಮುಂದೆ ಯಾರ ಮನೆಯಿಂದಲೂ ಹಬ್ಬದ ಹೋಳಿಗೆ ಬರುವುದಿಲ್ಲ.

ಆದ್ದರಿಂದ ಈ ಊರಿನಲ್ಲಿ ವಿಧಾನವನ್ನು ಆರಿಸುವುದೆಂದರೆ ಬರಿಯ ವೈದ್ಯದ ಮಾತಲ್ಲ. ಡಾಕ್ಟರ್ ಮೃಣಾಲಿನಿಯು ನನ್ನ ಹಳೆಯ ವಿದ್ಯಾರ್ಥಿನಿ. ಹೃದಯ, ಸಕ್ಕರೆ, ರಕ್ತ ಎಲ್ಲವನ್ನೂ ಪರೀಕ್ಷಿಸಿ, ನನ್ನ ಸೊಂಟದ ಮಡಿಕೆಯನ್ನು ಎರಡು ಬೆರಳಿನಿಂದ ಹಿಡಿದು ನೋಡಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನನ್ನ ಹೆಂಡತಿ ಸಾವಂತ್ರಿಯು ಪಕ್ಕದಲ್ಲೇ ಕುಳಿತಿದ್ದಳು.

“ಸರ್, ಇದು ತೂಕ ಇಳಸೂ ಚಿಕಿತ್ಸೆ ಅಲ್ಲ. ಚರ್ಮದ ಕೆಳಗ, ಹಿಂಗ ಚಿವುಟಿದ್ರ ಕೈಗೆ ಬರ್ತದಲ್ಲ, ಅದಷ್ಟ ತಗೀತೀನಿ. ಕರುಳಿನ ಸುತ್ತ ಇದ್ದದ್ದಕ್ಕ ನಾ ಕೈ ಹಚ್ಚಂಗಿಲ್ಲ. ದಾರಿ ಮೂರು ಅವ. ಒಂದು, ಔಷಧದ ನೀರು ತುಂಬಿಸಿ ಸಣ್ಣ ಕೊಳವಿಯಿಂದ ಹೀರೂದು. ಬಾವು ಬರ್ತದ, ಮೈ ನೀಲಿಗಟ್ಟತದ, ಆರು ವಾರ ಬಿಗಿಪಟ್ಟಿ ಕಟ್ಟಬೇಕು. ಆದ್ರ ಅದು ಪದರಾ ಪದರಾ ಹೆಂಗ ಇತ್ತೋ ಹಂಗ ಹೊರಗ ಬರ್ತದ. ಎರಡು, ಲೇಸರ್ ಹಾಕಿ ಮೊದಲ ಕರಗಿಸಿ ಆಮ್ಯಾಲ ತಗಿಯೂದು. ನಿಮ್ಮ ವಯಸ್ಸಿಗೆ ಚರ್ಮ ಸ್ವಲ್ಪ ಬಿಗಿನೂ ಆಗ್ತದ. ಆದ್ರ…”

“ಆದರೆ ದೀಪ ಕಲಸಿಹೋಗುತ್ತದೆ,” ಎಂದೆ.

“ಹೌದ್ರಿ ಸರ್. ಇಪ್ಪತ್ತು ವರ್ಷದ ಊಟ ಒಂದ ವಾಸನಿ ಆಗ್ತದ. ಸಂತಿ ಮುಗದ ಮ್ಯಾಲಿನ ಬಯಲು ಇದ್ದಂಗ. ಮೂರನೇದು, ಮ್ಯಾಲಿಂದ ತಂಪು ಕೊಟ್ಟು ಹೆಪ್ಪುಗಟ್ಟಿಸೂದು. ಕೊಯ್ಯೂದಿಲ್ಲ, ತಗಿಯೂದಿಲ್ಲ, ಮೈಯೇ ತಿಂಗಳಾನುಗಟ್ಟಲೆ ನಿಧಾನ ಕರಗಿಸಿಕೊಳ್ತದ. ಭರಣಿನೂ ಇಲ್ಲ, ದೀಪಾನೂ ಇಲ್ಲ. ಅದರಿಂದ ಇಳಿಯೂದೂ ಸ್ವಲ್ಪ.”

ಹೆಪ್ಪುಗಟ್ಟಿಸಿಕೊಂಡವರನ್ನು ಊರು ಹಿತ್ತಲ ಬಾಗಿಲಿನವರು ಎಂದು ಕರೆಯುತ್ತದೆ. ಕರಗಿಸಿಕೊಂಡವರನ್ನು ಕರೆಯಲು ಹೆಸರಿಲ್ಲ, ನಗು ಇದೆ. ಹಿಟ್ಟಿನ ಗಿರಣಿಯ ಮಲ್ಲೇಶಿಯು ಪ್ರತಿ ಸೋಮವಾರ ನಿರಾಹಾರ ಎಂದು ಹೇಳಿಕೊಳ್ಳುತ್ತಿದ್ದವನು, ಕರಗಿಸಿಕೊಂಡೇ ದೀಪ ಹಚ್ಚಿದ; ಕಲಸಿದ ವಾಸನೆಯಲ್ಲೂ ಮಿರ್ಚಿ ಭಜಿಯ ಘಾಟು ಅಡಗಲಿಲ್ಲ. ಅಂದಿನಿಂದ ಮಕ್ಕಳು ಸಹ ಸೋಮವಾರ ಅವನನ್ನು ಕಂಡರೆ ‘ಕಾಕಾ, ಇವತ್ತ ಮಿರ್ಚಿ ಭಜಿ ಎಲ್ಲಿ?’ ಎಂದು ಕೇಳುತ್ತಾರೆ. ನಾನು ಊರಿನ ವಾಚನಾಲಯದಲ್ಲಿ ಆ ವಿಷಯವಾಗಿ ಅರ್ಧ ತಾಸು ಮಾತನಾಡಿದ್ದೆ. ಗುಟ್ಟಾಗಿ ಮುಚ್ಚಿಟ್ಟುಕೊಳ್ಳುವ ಸಂಗತಿಯಿದ್ದವನು ಮಾತ್ರ ಕರಗಿಸಿಕೊಳ್ಳುತ್ತಾನೆ ಎಂಬುದು ನನ್ನ ಮಾತಿನ ಸಾರಾಂಶವಾಗಿತ್ತು.

“ಹೀರಿ ತೆಗೆ,” ಎಂದು ಮೃಣಾಲಿನಿಗೆ ಹೇಳಿದೆ. “ನನ್ನ ಹೊಟ್ಟೆಗೆ ಸೇರಿದ್ದು ಒಂದೇ ಅಡುಗೆಮನೆಯದು.”

ಸಾವಂತ್ರಿ ಆಗಲೇ ಬಾಯಿ ಹಾಕಿದಳು. “ಕರಗಿಸೂದ ಛಲೋ ಅನಸ್ತೈತ್ರಿ ನನಗ. ನಿಮಗ ನೋವು ತಡಿಯೂದಿಲ್ಲ.”

ನಾನು ಅವಳ ಕಡೆಗೆ ತಿರುಗಿ ನೋಡಿದ ರೀತಿಗೆ ಅವಳು ಸುಮ್ಮನಾದಳು. ಆದರೆ ಮನೆಗೆ ಬಂದ ಮೇಲೆ ಎಂಟು ದಿನ ಅದನ್ನೇ ಹಿಡಿದಳು. ತಂಪಿನದಾದರೂ ಮಾಡಿಸಿಕೊಳ್ಳಿ ಎಂದಳು. ಕೋಟಿನ ಬೆನ್ನಿಗೆ ಬೇರೆ ಬಟ್ಟೆ ಹಚ್ಚಿಸೋಣ ಎಂದಳು. ಕೊನೆಗೆ, “ಶಾಲು ಹೊಚ್ಚತಾರಲ್ರಿ, ಗುಂಡಿ ಯಾರಿಗೆ ಕಾಣಬೇಕು?” ಎಂದಳು.

“ನನಗೆ ಕಾಣುತ್ತದೆ,” ಎಂದೆ.

ಅವಳ ಕಣ್ಣು ತುಂಬಿದ್ದವು. ನನ್ನ ನೋವಿಗಾಗಿ ಅಳುತ್ತಿದ್ದಾಳೆಂದು ತಿಳಿದು ಒಳಗೊಳಗೇ ಸಂತೋಷಪಟ್ಟೆನೆಂಬುದನ್ನು ಈಗ ಬರೆಯಲು ಲೇಖನಿ ಹಿಂಜರಿಯುತ್ತದೆ.

ಒಂದೇ ಅಡುಗೆಮನೆ ಎಂದು ನಾನು ಅಷ್ಟು ನಿಶ್ಚಯದಿಂದ ಹೇಳಲು ಕಾರಣವಿತ್ತು. ನನಗೆ ಒಬ್ಬಳು ಅಕ್ಕ, ನೀಲವ್ವ, ನನಗಿಂತ ಐದು ವರ್ಷಕ್ಕೆ ಹಿರಿಯಳು. ಹತ್ತೊಂಬತ್ತು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡಾಗ ನಮ್ಮ ಮನೆಗೆ ಬಂದು ಇರೆಂದು ಕರೆದೆ. “ನಿನ್ನ ಮನಿ ಮೂಲ್ಯಾಗ ಕೂತು ಉಣ್ಣಾಕ ನನ್ನ ಕೈ ಮುರದಿಲ್ಲೋ ತಮ್ಮಾ,” ಎಂದವಳು, ಅರಳೆ ಪೇಟೆಯ ಹಿಂದೆ ಒಂದು ಖಾನಾವಳಿಯನ್ನು ತೆರೆದಳು. ಅರಳೆಯ ಮೂಟೆ ಹೊರುವ ಹಮಾಲರಿಗೆ ನನ್ನ ಒಡಹುಟ್ಟಿದವಳು ರೊಟ್ಟಿ ಬಡಿದು ಮಾರುವುದೆಂದರೆ! ತೆರೆದ ದಿನವೇ ಅವಳ ಬಾಗಿಲಲ್ಲಿ ನಿಂತು, ಕರ್ತೃ ಕರ್ಮ ಕ್ರಿಯಾಪದಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿದ್ದ ವಾಕ್ಯವೊಂದನ್ನು ನೂರು ಜನರ ಮುಂದೆ ಹೇಳಿದೆ: “ನಿನ್ನ ಒಲೆಯ ಮೇಲೆ ಬೆಂದ ಒಂದು ತುತ್ತು ನನ್ನ ಹೊಟ್ಟೆಯನ್ನು ಸೇರಿದರೆ, ನಾನು ಗುರುಸಿದ್ದಪ್ಪನವರ ಮಗನಲ್ಲ.” ಅಂದಿನಿಂದ ಅವಳ ಹೆಸರನ್ನೂ ನಾನು ಉಚ್ಚರಿಸಿದವನಲ್ಲ. ಊರು ನನ್ನನ್ನು ಮಾತಿಗೆ ತಪ್ಪದವನೆಂದು ಕರೆಯತೊಡಗಿದ್ದು ಆ ವಾಕ್ಯದಿಂದಲೇ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಸಾವಂತ್ರಿಯ ಅಡುಗೆಗೆ ನಾನು ದಿನವೂ ಅಂಕ ಕೊಡುತ್ತಿದ್ದೆ. ಮಕ್ಕಳಿಲ್ಲದ ಮನೆ, ನಾವಿಬ್ಬರೇ. ತಿದ್ದುವ ಅಭ್ಯಾಸವು ಶಾಲೆಯಿಂದ ಮನೆಗೂ ಬಂದಿತ್ತು. ಹತ್ತಕ್ಕೆ ಮೂರು, ನಾಲ್ಕು, ಕೆಲವೊಮ್ಮೆ ಐದು. ಹತ್ತೊಂಬತ್ತು ವರ್ಷದ ಹಿಂದಿನ ಮಳೆಗಾಲದಲ್ಲಿ ಅವಳಿಗೆ ಒಂದು ದೊಡ್ಡ ಜ್ವರ ಬಂದು ಹೋಯಿತು. ಅದಾದ ಹದಿನೈದು ದಿನಕ್ಕೆ ಅವಳ ಕೈಗೆ ಇದ್ದಕ್ಕಿದ್ದಂತೆ ರುಚಿ ಬಂದಿತು. ನಮ್ಮ ತಾಯಿಯು ಬೇಳೆಯ ಸಾರಿಗೆ ಕೆಂಪಗೆ ಕಾಸಿದ ಹೆಂಚಿನ ಚೂರನ್ನು ಬಿಟ್ಟು ಮುಚ್ಚಿಡುತ್ತಿದ್ದಳು. ಆ ಸುಟ್ಟ ಮಣ್ಣಿನ ಘಮ ಸಹ ನನ್ನ ತಾಟಿಗೆ ಮರಳಿತು. ಕೇಳಿದರೆ ಸಾವಂತ್ರಿ, “ನೀವು ಹೇಳಿದ್ರಲ್ಲಾ, ಹಂಗ ಮಾಡೇನ್ರಿ,” ಎಂದಳು. ಅಂದು ಏಳು ಅಂಕ ಕೊಟ್ಟೆ. ಅಂದಿನಿಂದ ಪ್ರತಿ ದಿನ ಏಳು. ತಿದ್ದಿದರೆ ತಿದ್ದಿಕೊಳ್ಳದ ಮನುಷ್ಯರಿಲ್ಲ ಎಂಬುದಕ್ಕೆ ನಾನು ಎಲ್ಲ ಕಡೆಯೂ ಕೊಡುತ್ತಿದ್ದ ನಿದರ್ಶನ ಅದು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು ಮೊದಲು ಶಾಲೆಯಲ್ಲಿ, ನಿವೃತ್ತನಾದ ಮೇಲೆ ವಾಚನಾಲಯದಲ್ಲಿ ಪತ್ರಿಕೆಗಳ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದ ಕಾಲದಲ್ಲಿ ಮನೆಯ ಒಲೆಯ ಮುಂದೆ ಏನು ನಡೆಯುತ್ತಿತ್ತೆಂದು ಒಮ್ಮೆಯೂ ಇಣುಕಿ ನೋಡಿದವನಲ್ಲ.

ಶಸ್ತ್ರಕ್ರಿಯೆಯು ಒಂದೂವರೆ ತಾಸು ನಡೆಯಿತು. ಹೊಟ್ಟೆಯು ಪರರದೆಂಬಂತೆ ಮರಗಟ್ಟಿತ್ತು. ಕೊಳವೆಯ ಗೊರಗೊರ ಸದ್ದು ಮಾತ್ರ ಕೇಳುತ್ತಿತ್ತು. ಭರಣಿಯನ್ನು ಕೈಗೆ ಕೊಟ್ಟಾಗ ಅದು ಬೆಚ್ಚಗಿತ್ತು. ಒಳಗೆ ಹಳದಿಯ ಪದರಗಳು, ಕೆಳಗೆ ಗಾಢ, ಮೇಲೆ ತಿಳಿ. ನನಗೆ ಅದು ಚೆನ್ನಾಗಿ ರಟ್ಟು ಕಟ್ಟಿಸಿದ ಗ್ರಂಥದಂತೆ ಕಂಡಿತು.

ಮೂರನೆಯ ದಿನ ನಾಲ್ಕು ಗಂಟೆಗೆ ಓಣಿಯ ಎಲ್ಲರೂ ಬಂದರು. ನಾನೇ ಮನೆ ಮನೆಗೆ ಹೇಳಿ ಕಳುಹಿಸಿದ್ದೆ. ಓಣಿಯಲ್ಲಿ ಎಲ್ಲರಿಗಿಂತ ಚುರುಕು ಮೂಗಿನವನಾದ ಫಕೀರಪ್ಪನನ್ನು ದೀಪದ ಹತ್ತಿರವೇ ಕೂಡಿಸಿದೆವು. ಬಿಗಿಪಟ್ಟಿ ಕಟ್ಟಿದ ಸೊಂಟಕ್ಕೆ ದಿಂಬು ಕೊಟ್ಟುಕೊಂಡು, ಕೈಯಲ್ಲಿ ನಾನೇ ರಚಿಸಿದ ಭಾಷಣದ ಹಾಳೆಯನ್ನು ಹಿಡಿದು ಕುಳಿತೆ. ಅದರಲ್ಲಿ ಒಂದೇ ಹೆಸರಿತ್ತು. ಸಾವಂತ್ರಿಯು ಬಾಗಿಲ ಹಿಂದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ದೀಪ ಹಚ್ಚಿದೆ. ಮೊದಲು ಬಂದದ್ದು ಆಸ್ಪತ್ರೆಗೆ ಹೋಗುವ ಹಿಂದಿನ ದಿನದ ಊಟ: ಜೋಳದ ರೊಟ್ಟಿ, ಪುಂಡಿಪಲ್ಯ, ಸಾರು. “ಆಹಾ,” ಎಂದು ಹಿಂದಿನಿಂದ ಯಾರೋ ಎಂದರು. ನಾನು ತಲೆಯಾಡಿಸಿದೆ. ಆಮೇಲೆ ಊಟದ ಬೆನ್ನಿಗೆ ಅಡುಗೆಮನೆ ಬಂತು.

ಅದು ನಮ್ಮ ಅಡುಗೆಮನೆಯಲ್ಲ.

ನಮ್ಮ ಮನೆಯಲ್ಲಿ ಗ್ಯಾಸಿನ ಒಲೆ. ದೀಪದಿಂದ ಎದ್ದದ್ದು ಹಸಿ ಜಾಲಿ ಕಟ್ಟಿಗೆಯ ಹೊಗೆ. ಅದರ ಹಿಂದೆ ಗೋಣಿಚೀಲದ ವಾಸನೆ, ಅರಳೆಯ ಧೂಳು, ಹಮಾಲರ ಬೆವರು, ಬೀಡಿ, ನಲವತ್ತು ಜನರಿಗೆ ಒಮ್ಮೆಗೇ ಬೇಯುವ ಅನ್ನದ ಗಂಜಿ. ನನ್ನ ಹೊಸ್ತಿಲ ಮೇಲೆ, ನನ್ನ ಮೈಯಿಂದ ತೆಗೆದ ಎಣ್ಣೆಯಲ್ಲಿ, ಒಂದು ಇಡೀ ಪೇಟೆ ಉರಿಯುತ್ತಿತ್ತು. ಭಾಷಣದ ಹಾಳೆ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಲಾರದೆ ಹಾಗೆಯೇ ಕುಳಿತೆ.

“ಫಕೀರಪ್ಪ,” ಎಂದೆ, “ಇದು ಯಾವ ಮನೆಯ ಊಟ?”

ಅವನು ನೆಲ ನೋಡುತ್ತ ಮೂಗನ್ನು ಒರೆಸಿಕೊಂಡ. “ನನಗ ನೆಗಡಿ ಆಗೈತ್ರಿ ಮಾಸ್ತರ.”

ಪಕ್ಕದ ಮನೆಯ ಮುದುಕಿ ಗೌರಜ್ಜಿಯನ್ನು ನೋಡಿದೆ. ಅವಳೂ ಮೂಗನ್ನು ಸೊರ್ ಎಂದು ಎಳೆದುಕೊಂಡಳು. “ನನಗೂ ಹಂಗ ಆಗೈತಪಾ. ಗಾಳಿನ ಸರಿ ಇಲ್ಲ.” ಅವಳ ಹಿಂದಿನವರು ಕೆಮ್ಮಿದರು. ಓಣಿಗೆ ಓಣಿಯೇ ನೆಗಡಿ ಹಿಡಿದು ಕುಳಿತಿತ್ತು. ಒಬ್ಬರ ಮುಖದಲ್ಲಿಯೂ ಆಶ್ಚರ್ಯವಿರಲಿಲ್ಲ. ನನಗೆ ಮೊದಲು ತಾಗಿದ ಪೆಟ್ಟು ಅದೇ. ಇವರಿಗೆಲ್ಲ ಇದು ಗೊತ್ತಿತ್ತು! ಹತ್ತೊಂಬತ್ತು ವರ್ಷ ನಾನು ಓಣಿಯಲ್ಲಿ ತಲೆಯೆತ್ತಿ ನಡೆಯುವಾಗ ಪ್ರತಿಯೊಂದು ಕಿಟಕಿಗೂ ಗೊತ್ತಿತ್ತು!

ಆಗ ಆ ಹೊಗೆಯ ನಡುವಿನಿಂದ ಕಾದ ಹೆಂಚಿನ ಘಮ ಎದ್ದಿತು. ಸುಟ್ಟ ಮಣ್ಣು, ಬೆಂದ ಬೇಳೆ. ತಾಯಿಯು ಆ ಕೆಲಸವನ್ನು ಕಲಿಸಿದ್ದು ಒಬ್ಬಳಿಗೆ ಮಾತ್ರ ಎಂಬುದು ನನಗೆ ನೆನಪಾದದ್ದೂ ಆಗಲೇ. ಕಟ್ಟಿಗೆಯ ಒಲೆಯಿಲ್ಲದ ಮನೆಯಲ್ಲಿ ಹೆಂಚು ಕಾಯುವುದು ಹೇಗೆಂದು ಹತ್ತೊಂಬತ್ತು ವರ್ಷ ಕೇಳದಿದ್ದವನು ನಾನು, ವಿದ್ಯಾರ್ಥಿಗಳಿಗೆ ‘ಏಕೆ, ಹೇಗೆ ಎಂದು ಕೇಳಿರಿ’ ಎಂದು ಹಲಗೆಯ ಮೇಲೆ ಬರೆದವನು.

“ಸಾವಂತ್ರಿ, ಹೊರಗೆ ಬಾ,” ಎಂದೆ. “ಇದೇನು ವಾಸನೆ?”

ಅವಳು ಬಂದು ದೀಪದ ಆಚೆ ನಿಂತಳು. “ನನಗ ಹೆಂಗ ಗೊತ್ತಾಗಬೇಕ್ರಿ? ನನಗ ವಾಸನಿ ಬರೂದಿಲ್ಲ.”

“ಎಂದರೆ?”

“ಬರೂದಿಲ್ರಿ. ಆ ಜ್ವರದ ಕೂಡ ಮೂಗೂ ಹೋತು. ಹಾಲು ಹೊತ್ತಿದ್ದು ತಿಳಿವಲ್ದು, ಬ್ಯಾಳಿ ಹಳಸಿದ್ದು ತಿಳಿವಲ್ದು. ನಾಲಗಿಗೂ ಉಪ್ಪ ಒಂದ ಬಿಟ್ರ ಏನೂ ಹತ್ತಂಗಿಲ್ಲ. ನೀವು ಒಂದಿನ ಸೊನ್ನಿ ಹಾಕಿದ್ರಿ, ನೆನಪೈತೇನು? ಕೆಂಪ ಪೆನ್ಸಿಲ್ಲೇ ಬರದು ತಾಟಿನ ಬಾಜೂಕ ಇಟ್ಟು ಹೋದ್ರಿ. ಅವತ್ತ ನಾ ನಿಮ್ಮ ಅಕ್ಕಾರ ಕಡೆ ಹೋಗಿ ಅತ್ತುಬಿಟ್ಟೆ. ‘ಡಬ್ಬಿ ತಗೊಂಡ ಬಾ, ಅವಗ ಹೇಳಬ್ಯಾಡ, ಹೇಳಿದ್ರ ಉಪಾಸ ಬೀಳ್ತಾನ ಮೂಳ,’ ಅಂದ್ರು. ಅವತ್ತಿನಿಂದ ನಾನು ಬರೇ ಬಿಸಿ ಮಾಡಿ ಬಡಸೇನಿ.”

ಸೊನ್ನೆ ನನಗೆ ನೆನಪಿತ್ತು. ಅದು ಒಳ್ಳೆಯ ಪರಿಣಾಮ ಮಾಡಿತೆಂದೇ ಇಷ್ಟು ವರ್ಷ ನಂಬಿದ್ದೆ. ವಾಸನೆಯಿಂದ ನಡೆಯುವ ಈ ಊರಿನಲ್ಲಿ, ನನ್ನ ಪಕ್ಕದಲ್ಲಿ ಕುಳಿತು, ನನ್ನ ಜೊತೆ ಹತ್ತಾರು ಮನೆಯ ದೀಪಗಳಿಗೆ ಬಂದು, ಎಲ್ಲರೂ ‘ಆಹಾ’ ಎಂದಾಗ ತಾನೂ ‘ಆಹಾ’ ಎಂದವಳು ಏನನ್ನೂ ಮೂಸಿರಲಿಲ್ಲ. ನಾನು ಅದನ್ನು ಗಮನಿಸಿರಲಿಲ್ಲ. ತಪ್ಪು ಹುಡುಕುವುದರಲ್ಲಿ ಈ ಸೀಮೆಗೇ ನನ್ನ ಸಮಾನರಿಲ್ಲವೆಂದು ಹೇಳಿಕೊಂಡವನ ಕಣ್ಣಿಗೆ ಇದು ಬಿದ್ದಿರಲಿಲ್ಲ.

“ದೀಪಾ ಆರಸ್ರಿ ಮಾಸ್ತರ,” ಎಂದ ಫಕೀರಪ್ಪ ಮೆಲ್ಲಗೆ. “ಸಾವಂತ್ರಿ ಬಾಯಾರ ಹೆಸರ ಹೇಳ್ರಿ, ಸಾಕು. ನಮಗೆಲ್ಲಾ ನೆಗಡಿ. ಯಾರೂ ಏನೂ ಕೇಳಂಗಿಲ್ಲ. ಉತ್ಸವ ಬ್ಯಾರೆ ಹತ್ರ ಬಂತು.”

ಅವರು ನನಗೆ ದಾರಿ ಬಿಟ್ಟಿದ್ದರು. ಇಷ್ಟು ಜನ ಕೂಡಿ ಒಬ್ಬನ ಮಾತನ್ನು ಉಳಿಸಲು ಮೂಗು ಕಟ್ಟಿಕೊಂಡು ಕುಳಿತಿದ್ದರು. ಒಂದು ಊದಿದರೆ ದೀಪ ಆರುತ್ತಿತ್ತು. ಶಾಲು, ಬಿರುದು, ಗುರುಸಿದ್ದಪ್ಪನವರ ಮಗನೆಂಬ ಹೆಸರು ಎಲ್ಲವೂ ಉಳಿಯುತ್ತಿದ್ದವು. ನಾನು ಬಗ್ಗಿದೆ. ಬಿಗಿಪಟ್ಟಿಯ ಕೆಳಗೆ ನೋವು ಬೆಂಕಿಯಂತೆ ಎದ್ದಿತು. ಆ ಕ್ಷಣದಲ್ಲಿ ಇನ್ನೊಂದು ಹೆಂಚು ಸಾರಿಗೆ ಬಿದ್ದ ಘಮ ಬಂತು; ಮತ್ತೊಂದು ದಿನ, ಮತ್ತೊಂದು. ಅಕ್ಕ ಒಂದು ದಿನವೂ ತಪ್ಪಿಸಿರಲಿಲ್ಲ. ನಾನು ಊದಲಿಲ್ಲ.

ಹತ್ತೊಂಬತ್ತು ವರ್ಷದ ಊಟ ಉರಿಯಲು ಎರಡು ತಾಸು ಹಿಡಿಯಿತು. ಯಾರೂ ಏಳಲಿಲ್ಲ. ಕೊನೆಯಲ್ಲಿ ಹೊತ್ತಿದ ಬೇಳೆಯ ಕಮಟು ವಾಸನೆಯೊಂದು ಬಂದು ಹೋಯಿತು. ಅದು ಸೊನ್ನೆಯ ದಿನ. ಅದರ ಆಚೆಗೆ ಸಾವಂತ್ರಿಯ ಹಳೆಯ ಅಡುಗೆ, ತುಸು ಹುಳಿ ಹೆಚ್ಚು, ತುಸು ಸೀದದ್ದು. ಈಗ ಮೂಸಿದರೆ ಅದರಲ್ಲಿ ಅಷ್ಟೇನೂ ದೋಷವಿರಲಿಲ್ಲ. ದೀಪ ಆರಿತು.

ಗೋಡೆ ಹಿಡಿದು ಎದ್ದೆ. “ನನಗೆ ಉಣಿಸಿದವಳು ಸಾವಂತ್ರಿ,” ಎಂದೆ. ಎರಡನೆಯ ಹೆಸರಿಗಾಗಿ ಗೋಡೆಯಿಂದ ಕೈ ತೆಗೆದು ನೆಟ್ಟಗೆ ನಿಂತೆ. ಫಕೀರಪ್ಪ ಎದ್ದು ಕೈ ಹಿಡಿಯಲು ಬಂದ. ಬೇಡವೆಂದು ಸನ್ನೆ ಮಾಡಿದೆ. “ಮತ್ತು ಹತ್ತೊಂಬತ್ತು ವರ್ಷ ನನಗೆ ಉಣಿಸಿದವಳು ನೀಲವ್ವ. ಗುರುಸಿದ್ದಪ್ಪನವರ ಮಗಳು.” ಮಗನೆಂದು ನನ್ನನ್ನು ಕರೆದುಕೊಳ್ಳುವ ಹಕ್ಕು ಇನ್ನು ಇರಲಿಲ್ಲವಾದ್ದರಿಂದ ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿದೆ. ಗೌರಜ್ಜಿ ದೀರ್ಘವಾಗಿ ಉಸಿರೆಳೆದು, “ನೆಗಡಿ ಬಿಡ್ತು ನೋಡಪಾ,” ಎಂದಳು.

ಮರುದಿನ ಉತ್ಸವದ ಆಮಂತ್ರಣ ಪತ್ರಿಕೆಯ ಕರಡಿನಲ್ಲಿ ‘ಮಾತಿಗೆ ತಪ್ಪದ’ ಎಂಬ ಎರಡು ಪದಗಳಿಗೆ ಕೆಂಪು ಗೆರೆ ಎಳೆದು ಸಮಿತಿಗೆ ಕಳುಹಿಸಿದೆ. ಅವರು ಬಂದು ಬಹಳ ಹೇಳಿದರು. ಮುದ್ರಣದಲ್ಲಿ ತಪ್ಪು ಉಳಿಯಬಾರದು ಎಂದಷ್ಟೇ ಹೇಳಿದೆ. ಸಾವಂತ್ರಿಯು ಎಂದಿನಂತೆ ಡಬ್ಬಿ ಹಿಡಿದು ಹೋಗಿ ಬಂದಳು. ನಾನು ಉಂಡೆ, ಅಂಕ ಕೊಡಲಿಲ್ಲ. ಖಾನಾವಳಿಗೆ ಹೋಗಲು ಮಾತ್ರ ಕಾಲು ಬರಲಿಲ್ಲ. ಬಿಗಿಪಟ್ಟಿ ಬಿಚ್ಚಲಿ, ಬಾವು ಇಳಿಯಲಿ ಎಂದು ದಿನ ದೂಡಿದೆ.

ಉತ್ಸವದ ದಿನ ಕೋಟು ತೊಟ್ಟೆ. ಮಧ್ಯದ ಗುಂಡಿ ಸರಾಗವಾಗಿ ಕೂಡಿತು. ಸಾವಂತ್ರಿ ನೋಡಿ, “ಛಲೋ ಕಾಣ್ತೀರಿ,” ಎಂದಳು. ಕಾರ್ಯಕ್ರಮ ಮೂರು ಗಂಟೆಗೆ. ನಾನು ಹನ್ನೆರಡಕ್ಕೇ ಹೊರಟು, ಶಾಲೆಯ ದಾರಿಯನ್ನು ಬಿಟ್ಟು ಅರಳೆ ಪೇಟೆಯ ಕಡೆಗೆ ತಿರುಗಿದೆ.

ಬಾಗಿಲಲ್ಲಿ ನಿಂತಾಗ ಹಮಾಲರು ಉಣ್ಣುವುದನ್ನು ನಿಲ್ಲಿಸಿ ನೋಡಿದರು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಿರುಗಿ ನೋಡದೆಯೇ ಕೇಳಿದಳು:

“ಮಾತಾಡಾಕ ಬಂದಿಯೋ, ಉಣ್ಣಾಕ ಬಂದಿಯೋ?”

“ಉಣ್ಣಲು.”

“ಹಂಗಾರ ಚಪ್ಪಲಿ ಬಿಟ್ಟು ಸಾಲಿನ್ಯಾಗ ಕೂಡು. ಇಲ್ಲೆ ಯಾರಿಗೂ ಕೂಡಾಕ ಬ್ಯಾರೆ ಮಣಿ ಇಲ್ಲ. ಉಂಡವರು ತಾಟು ತಾವ ತೊಳೀಬೇಕು.”

ಇಬ್ಬರು ಹಮಾಲರು ಸರಿದು ಜಾಗ ಕೊಟ್ಟರು. ಅವಳೇ ಬಂದು ತಾಟಿಟ್ಟು ರೊಟ್ಟಿ, ಪಲ್ಯ ಬಡಿಸಿದಳು. ಆಮೇಲೆ ಇಕ್ಕಳದಿಂದ ಕೆಂಡದೊಳಗಿನ ಹೆಂಚಿನ ಚೂರನ್ನು ಎತ್ತಿ ಸಾರಿನ ಗಡಿಗೆಗೆ ಬಿಟ್ಟಳು. ಅದು ಚೊಂಯ್ ಎಂದಿತು. ಆ ಸದ್ದನ್ನು ನಾನು ಕೇಳಿ ಅರ್ಧ ಶತಮಾನ ಕಳೆದಿತ್ತು.

“ಡಬ್ಬಿ ತಿರುಗಿ ಬರೂ ಮುಂದ ನಿನ್ನ ಅಂಕಾನೂ ಬರ್ತಿತ್ತು,” ಎಂದಳು ಸಾರು ಬಡಿಸುತ್ತ. “ದಿನಾ ಏಳ. ದೀಪಾವಳಿಗೂ ಏಳ, ನನಗ ಜಡ್ಡಾದಾಗ ಕೂತ ಮಾಡಿದ್ದಕ್ಕೂ ಏಳ. ಎಂಟ ಯಾಕ ಇಲ್ಲೋ?”

“ಎಂಟು ದೇವರ ನೈವೇದ್ಯಕ್ಕೆ,” ಎಂದೆ.

“ಒಂಬತ್ತು?”

“ಅವ್ವನಿಗೆ.”

“ಹತ್ತು?”

ತಾಟಿನ ಮೇಲೆ ಬಗ್ಗಿ ಉಣ್ಣತೊಡಗಿದೆ. ಪಕ್ಕದ ಹಮಾಲನು ನನ್ನ ಕಣ್ಣನ್ನು ನೋಡಿ ನೀರಿನ ಲೋಟವನ್ನು ಹತ್ತಿರಕ್ಕೆ ಸರಿಸಿದ. ಎರಡು ರೊಟ್ಟಿ ಮುಗಿಯುವಷ್ಟರಲ್ಲಿ ಕೋಟು ಸೊಂಟವನ್ನು ಹಿಡಿಯಿತು. ಅಕ್ಕ ಇನ್ನೂ ಎದುರಿಗೇ ನಿಂತಿದ್ದಳು. ನಾನು ಮಧ್ಯದ ಗುಂಡಿಯನ್ನು ಬಿಚ್ಚಿದೆ.

“ಇನ್ನೊಂದು ರೊಟ್ಟಿ ಹಾಕು, ಅಕ್ಕಾ,” ಎಂದೆ.